ಮಳೆಗಾಲದ ಚರ್ಮ: ಒದ್ದೆ ಆರದಿದ್ದಾಗ ಏನಾಗುತ್ತದೆ

ಜಡಿಮಳೆ ಹಿಡಿದು ನಾಲ್ಕು ದಿನವಾದರೆ ಹಗ್ಗದ ಮೇಲಿನ ಬಟ್ಟೆ ಆರುವುದಿಲ್ಲ, ಉಪ್ಪು ನೀರೊಡೆಯುತ್ತದೆ, ಬೀರುವಿನಲ್ಲಿಟ್ಟ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಮೈಗೆ ತಾಗುವುದೂ ಅದೇ ಗಾಳಿ. ಆದರೆ ಬಟ್ಟೆಗೆ ಕೊಡುವ ಗಮನವನ್ನು ಮೈಗೆ ಕೊಡುವವರು ಕಡಿಮೆ. ಬಟ್ಟೆ ಆರಿದೆಯೇ ಎಂದು ಮುಟ್ಟಿ ನೋಡುತ್ತೇವೆ, ಕಾಲ್ಬೆರಳ ಸಂದು ಆರಿದೆಯೇ ಎಂದು ನೋಡುವುದಿಲ್ಲ. ಮಳೆಗಾಲದ ಚರ್ಮದ ತೊಂದರೆಗಳಲ್ಲಿ ಹೆಚ್ಚಿನವು ಈ ಒಂದು ಕಡೆಯಿಂದಲೇ ಹೊರಡುತ್ತವೆ: ಮೈಮೇಲಿನ ನೀರಿಗೆ ಹೋಗಲು ದಾರಿ ಇಲ್ಲ.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಚರ್ಮದ ಮೇಲ್ಮೈ ಸುಮಾರು 34 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಹೊರಗಿನ ಗಾಳಿ 28 ಡಿಗ್ರಿ ಎಂದುಕೊಳ್ಳಿ. ಗಾಳಿಯ ಆರ್ದ್ರತೆ ಶೇ 30 ಇರುವ ದಿನಕ್ಕೆ ಹೋಲಿಸಿದರೆ ಶೇ 90 ಇರುವ ದಿನ ಬೆವರು ಆವಿಯಾಗುವ ವೇಗ ಅರ್ಧಕ್ಕೂ ಕಡಿಮೆಯಾಗುತ್ತದೆ. ಇದು ಗಾಳಿಗೆ ತೆರೆದಿರುವ ಚರ್ಮದ ಮಾತು. ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಹೊಟ್ಟೆಯ ಮಡಿಕೆ, ಬೂಟಿನೊಳಗಿನ ಪಾದ, ಇಲ್ಲೆಲ್ಲ ಗಾಳಿ ಓಡಾಡುವುದೇ ಇಲ್ಲ. ಅಲ್ಲಿ ಬಂದ ಬೆವರು ಅಲ್ಲೇ ನಿಲ್ಲುತ್ತದೆ.

ನಿಂತ ನೀರು ಏನು ಮಾಡುತ್ತದೆ? ಚರ್ಮದ ಅತಿ ಹೊರಗಿನ ಪದರ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟು ತೆಳು. ಅಂಗೈ, ಅಂಗಾಲಿನಲ್ಲಿ ಮಾತ್ರ ದಪ್ಪ. ಸತ್ತ ಜೀವಕೋಶಗಳು ಒಂದರ ಮೇಲೊಂದು ಕೂತು, ನಡುವೆ ಕೊಬ್ಬಿನಂಥ ವಸ್ತು ಗಾರೆಯ ಹಾಗೆ ತುಂಬಿಕೊಂಡಿರುವ ಗೋಡೆ ಅದು. ಗಂಟೆಗಟ್ಟಲೆ ನೀರಲ್ಲಿ ನೆನೆದರೆ ಆ ಜೀವಕೋಶಗಳು ಉಬ್ಬುತ್ತವೆ, ಗಾರೆ ಸಡಿಲವಾಗುತ್ತದೆ. ಚರ್ಮ ಬೆಳ್ಳಗೆ, ಮೆತ್ತಗೆ, ಸುಲಿದರೆ ಬರುವಂತಾಗುತ್ತದೆ. ಇಂಥ ಚರ್ಮಕ್ಕೆ ತೊಡೆಯಿಂದ ತೊಡೆ ಉಜ್ಜಿದರೂ ಸಾಕು, ಕಿತ್ತುಬರುತ್ತದೆ. ಜೊತೆಗೆ ಇನ್ನೊಂದು ವಿಷಯ: ಆರೋಗ್ಯವಾಗಿರುವ ಚರ್ಮ ಸ್ವಲ್ಪ ಹುಳಿ, ಅಂದರೆ ಆಮ್ಲೀಯ. ಅದರ ಪಿಎಚ್ (ಹುಳಿಯ ಅಳತೆ, ಅಂಕಿ ಕೆಳಗಿದ್ದಷ್ಟೂ ಹುಳಿ ಹೆಚ್ಚು) ಸುಮಾರು 4.5ರಿಂದ 5.5. ಸಂದುಗಳಲ್ಲಿ ಇದು ಮೊದಲೇ ಸ್ವಲ್ಪ ಮೇಲಿರುತ್ತದೆ. 9–10 ಪಿಎಚ್‌ನ ಸಾಬೂನನ್ನು ಅಲ್ಲಿ ಗಸಗಸ ತಿಕ್ಕಿದರೆ ಇನ್ನೂ ಮೇಲೇರುತ್ತದೆ. ಬ್ಯಾಕ್ಟೀರಿಯಾ, ಫಂಗಸ್ ಎರಡಕ್ಕೂ ಅನುಕೂಲ ಮಾಡಿಕೊಟ್ಟಂತೆ.

ಒರೆಸಿಕೊಳ್ಳುವುದು

ಹಾಗಾಗಿ ಮಳೆಗಾಲದ ಆರೈಕೆ ಮುಲಾಮಿನ ಟ್ಯೂಬಿನಿಂದ ಶುರುವಾಗುವುದಿಲ್ಲ, ಟವಲಿನಿಂದ ಶುರುವಾಗುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಐದರಿಂದ ಹತ್ತು ನಿಮಿಷದ ಸ್ನಾನ ಸಾಕು. ಥಂಡಿಗೆ ಹಿತವೆಂದು ಸುಡುನೀರನ್ನು ಹೊತ್ತುಗಟ್ಟಲೆ ಹುಯ್ದುಕೊಂಡರೆ ಕೊಬ್ಬಿನ ಗಾರೆ ಕರಗಿ ಹೋಗುತ್ತದೆ. ಮಳೆಗಾಲದಲ್ಲೂ ಕೈಕಾಲು ಬಿರುಸಾಗಿ ನವೆಯಾಗುವುದು ಬಹಳ ಸಲ ಇದರಿಂದಲೇ. ಸಾಬೂನು ಕಂಕುಳು, ತೊಡೆಸಂದು, ಪಾದಗಳಿಗೆ ಸಾಕು. ಬೆವರದ ಮೊಣಕಾಲು, ಮುಂಗೈಗೆ ದಿನಾ ಬೇಕಿಲ್ಲ. ನಂಜುನಾಶಕ ದ್ರಾವಣವನ್ನು ಸ್ನಾನದ ನೀರಿಗೆ ದಿನವೂ ಬೆರೆಸುವುದರಿಂದ ಉರಿ, ಒಣಚರ್ಮ ಬರುವುದೇ ಹೆಚ್ಚು.

ಒರೆಸುವಾಗ ಉಜ್ಜಬೇಡಿ, ಒತ್ತಿ ತೆಗೆಯಿರಿ. ಮೇಲಿನಿಂದ ಕೆಳಕ್ಕೆ ಬನ್ನಿ, ಪಾದ ಕೊನೆಗಿರಲಿ. ಪಾದದಲ್ಲಿ ಫಂಗಸ್ ಇದ್ದರೆ ಅದೇ ಟವಲು ತೊಡೆಸಂದಿಗೆ ಹೋಗಬಾರದು, ಪಾದಕ್ಕೆ ಬೇರೆ ತುಂಡು ಬಟ್ಟೆ ಇಟ್ಟುಕೊಳ್ಳಿ. ಕಾಲ್ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಟವಲಿನ ಅಂಚು ನಡುವೆ ತೂರಿಸಿ ಒರೆಸಬೇಕು. ಅದರಲ್ಲೂ ನಾಲ್ಕನೆಯ ಬೆರಳಿಗೂ ಕಿರುಬೆರಳಿಗೂ ನಡುವಿನ ಸಂದು. ಎರಡೂ ಒಂದಕ್ಕೊಂದು ಅಂಟಿಕೊಂಡೇ ಇರುವುದರಿಂದ ಪಾದದ ಫಂಗಸ್ ಮೊದಲು ಅಲ್ಲೇ ಕಾಣಿಸಿಕೊಳ್ಳುತ್ತದೆ: ಬೆಳ್ಳಗೆ ನೆನೆದ ಚರ್ಮ, ಅದರ ತಳದಲ್ಲಿ ಕೂದಲೆಳೆಯಂಥ ಒಂದು ಬಿರುಕು, ಒಂದು ಥರದ ಹಳಸಲು ವಾಸನೆ. ಸಣ್ಣದೆಂದು ಬಿಟ್ಟರೆ ಆ ಬಿರುಕಿನಲ್ಲೇ ಬ್ಯಾಕ್ಟೀರಿಯಾ ನುಗ್ಗಿ ಇಡೀ ಕಾಲು ಕೆಂಪಗೆ ಊದಿಕೊಳ್ಳಬಹುದು. ಮಧುಮೇಹ ಇರುವವರು ಈ ಸಂದನ್ನು ದಿನಾ ರಾತ್ರಿ ಬೆಳಕಿಗೆ ಹಿಡಿದು ನೋಡಲೇಬೇಕು. ಬಗ್ಗಲಾಗದಿದ್ದರೆ ಕನ್ನಡಿ ಇಟ್ಟು ನೋಡಬಹುದು.

ಒರೆಸಿದ ತಕ್ಷಣ ಬಟ್ಟೆ ಏರಿಸಬೇಡಿ. ಫ್ಯಾನಿನ ಕೆಳಗೆ ಎರಡು ಮೂರು ನಿಮಿಷ ನಿಲ್ಲಿ. ಮಡಿಕೆಗಳು ಆಳವಾಗಿದ್ದರೆ ಹೇರ್ ಡ್ರೈಯರನ್ನು ತಣ್ಣನೆಯ ಗಾಳಿಗಿಟ್ಟು ದೂರದಿಂದ ಹಿಡಿಯಬಹುದು. ಬಿಸಿ ಗಾಳಿ ಬೇಡ, ಮತ್ತೆ ಬೆವರುತ್ತದೆ.

ಪೌಡರಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಪೌಡರು ಒದ್ದೆಯನ್ನು ಆರಿಸುವುದಿಲ್ಲ, ಒಣಗಿದ ಚರ್ಮದ ಮೇಲೆ ಉಜ್ಜಾಟ ಕಡಿಮೆ ಮಾಡುತ್ತದೆ, ಅಷ್ಟೇ. ಒದ್ದೆಯ ಮೇಲೆ ಸುರಿದರೆ ಕಲಸಿದ ಹಿಟ್ಟಿನಂತೆ ಉಂಡೆಗಟ್ಟಿ ಸಂದಿನಲ್ಲಿ ಕೂತು, ನಡೆದಾಗ ಮರಳಿನಂತೆ ಗೀರುತ್ತದೆ. ಹಾಕುವುದಾದರೆ ಪೂರ್ತಿ ಆರಿದ ಮೇಲೆ, ತೆಳ್ಳಗೆ. ಎಳೆಮಕ್ಕಳಿಗೆ ಬೇಡವೇ ಬೇಡ, ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ.

ಬಟ್ಟೆ, ಬೂಟು

ಹತ್ತಿ ಬಟ್ಟೆ ಒಳ್ಳೆಯದು ಎಂಬ ಮಾತು ಒಣಗಿರುವ ಹತ್ತಿಗೆ ಮಾತ್ರ ಅನ್ವಯ. ಹತ್ತಿ ನೀರನ್ನು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ನೆನೆದ ಹತ್ತಿಯ ಒಳಉಡುಪು ದಿನವಿಡೀ ಮೈಗೆ ಒದ್ದೆಬಟ್ಟೆ ಕಟ್ಟಿದ ಹಾಗೆ. ಹಾಗಾಗಿ ಹತ್ತಿ ತೊಡುವವರು ಬದಲಾಯಿಸಲೂ ಸಿದ್ಧರಿರಬೇಕು: ಚೀಲದಲ್ಲಿ ಒಂದು ಜೊತೆ ಒಳಉಡುಪು, ಒಂದು ಜೊತೆ ಸಾಕ್ಸು ಇಟ್ಟುಕೊಳ್ಳಿ. ಇಡೀ ದಿನ ಒದ್ದೆಯಲ್ಲಿ ನಡೆಯುವವರಿಗೆ ಬೆವರನ್ನು ಹೊರಕ್ಕೆಳೆಯುವ ತೆಳು ಸಿಂಥೆಟಿಕ್ ಸಾಕ್ಸು ಹತ್ತಿಗಿಂತ ವಾಸಿ.

ಮನೆಯೊಳಗೇ ಒಣಗಿದ ಬಟ್ಟೆ ಮುಟ್ಟಿದರೆ ತಣ್ಣಗಿದ್ದರೆ, ಮುಗ್ಗಲು ವಾಸನೆ ಬಂದರೆ ಅದಿನ್ನೂ ಆರಿಲ್ಲ. ಒಳಮಗ್ಗುಲಿಗೆ ತಿರುಗಿಸಿ, ಹೊಲಿಗೆ ಮತ್ತು ಇಲಾಸ್ಟಿಕ್ಕಿನ ಪಟ್ಟಿಯ ಮೇಲೆ ಬಿಸಿ ಇಸ್ತ್ರಿ ಒತ್ತಿರಿ. ನೀರು ಕೊನೆಗೆ ಉಳಿಯುವುದು ಅಲ್ಲೇ, ಮೈಗೆ ಬಿಗಿಯಾಗಿ ಕೂರುವುದೂ ಅದೇ. ಮನೆಯಲ್ಲಿ ಯಾರಿಗಾದರೂ ಹುಳುಕಡ್ಡಿ ಇದ್ದರೆ ಅವರ ಸಾಕ್ಸು, ಒಳಉಡುಪು, ಟವಲುಗಳನ್ನು ಬೇರೆಯಾಗಿಯೇ, 60 ಡಿಗ್ರಿ ಬಿಸಿನೀರಲ್ಲಿ ಒಗೆಯಬೇಕು. ತಣ್ಣೀರಲ್ಲಿ ಎಲ್ಲವನ್ನೂ ಒಟ್ಟಿಗೆ ಒಗೆದರೆ ಫಂಗಸ್ಸಿನ ಬೀಜಕಣ ಸಾಯುವುದಿಲ್ಲ, ಉಳಿದ ಬಟ್ಟೆಗಳಿಗೆ ಹಂಚಿಹೋಗುತ್ತದೆ. ಪಾದದಲ್ಲಿ ಫಂಗಸ್ ಇರುವವರು ಬಟ್ಟೆ ಹಾಕುವ ಕ್ರಮವನ್ನೂ ಬದಲಿಸಬೇಕು: ಮೊದಲು ಸಾಕ್ಸು, ಆಮೇಲೆ ಚಡ್ಡಿ. ಬರಿಗಾಲಲ್ಲಿ ಚಡ್ಡಿ ತೂರಿಸಿಕೊಂಡರೆ ಪಾದದ ಫಂಗಸ್ ನೇರ ತೊಡೆಸಂದಿಗೆ ಹತ್ತುತ್ತದೆ. ಕೇಳಲು ತಮಾಷೆಯೆನಿಸಿದರೂ, ತೊಡೆಸಂದಿನ ತುರಿಕೆ ಮತ್ತೆ ಮತ್ತೆ ಮರಳುವವರಲ್ಲಿ ಪಾದ ನೋಡಿದರೆ ಎಷ್ಟೋ ಸಲ ಮೂಲ ಅಲ್ಲಿ ಸಿಗುತ್ತದೆ.

ನೆನೆದ ಬೂಟು ಒಂದು ರಾತ್ರಿಯಲ್ಲಿ ಆರುವುದಿಲ್ಲ. ಒಳಗಿನ ಅಟ್ಟೆ ಹೊರಗೆ ತೆಗೆದು, ಹಳೆ ಪೇಪರ್ ಉಂಡೆ ಮಾಡಿ ತುರುಕಿ, ಒಂದೆರಡು ಗಂಟೆಗೊಮ್ಮೆ ಪೇಪರ್ ಬದಲಾಯಿಸಿ, ಫ್ಯಾನಿಗೆ ಬಾಯಿ ತಿರುಗಿಸಿಟ್ಟರೂ ಒಂದು ದಿನ ಬೇಕು, ಪೂರ್ತಿ ಮುಳುಗಿದ್ದರೆ ಎರಡು ದಿನ. ಎರಡು ಜೊತೆ ಇಟ್ಟು ದಿನ ಬಿಟ್ಟು ದಿನ ಹಾಕುವುದು ಇದಕ್ಕೇ. ಅಂಗಾಲಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ಗುಳಿಗಳು, ತಡೆಯಲಾಗದ ವಾಸನೆ ಇದ್ದರೆ ಅದು ಫಂಗಸ್ ಅಲ್ಲ, ಬ್ಯಾಕ್ಟೀರಿಯಾ ಚರ್ಮವನ್ನು ಕೊರೆದಿರುವುದು. ಫಂಗಸ್ ಮುಲಾಮನ್ನೇ ನಂಬಿ ಕೂರಬೇಡಿ, ವೈದ್ಯರಿಗೆ ತೋರಿಸಿದರೆ ಬೇರೆ ಔಷಧ ಕೊಡುತ್ತಾರೆ.

ಹುಳುಕಡ್ಡಿ ಮತ್ತು ಎರಡು ದಿನದ ನೆಮ್ಮದಿ

ಹುಳುಕಡ್ಡಿಯಲ್ಲಿ ಹುಳುವೂ ಇಲ್ಲ, ಕಡ್ಡಿಯೂ ಇಲ್ಲ. ಅದು ಚರ್ಮದ ಹೊರಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ತಿಂದು ಬದುಕುವ ಫಂಗಸ್. ಒಂದು ಚುಕ್ಕೆಯಿಂದ ಹೊರಟು ಸುತ್ತಲೂ ಹರಡುತ್ತದೆ. ಅಂಚು ಕೆಂಪಗೆ, ಸ್ವಲ್ಪ ಉಬ್ಬಿ, ಹೊಟ್ಟೆದ್ದಿರುತ್ತದೆ. ನಡುವೆ ವಾಸಿಯಾದಂತೆ ಕಾಣುತ್ತದೆ. ಫಂಗಸ್ ಚುರುಕಾಗಿರುವುದು ಆ ಅಂಚಿನಲ್ಲಿ ಮತ್ತು ಅಂಚಿನಾಚೆ ಕಣ್ಣಿಗಿನ್ನೂ ಕಾಣದ ಚರ್ಮದಲ್ಲಿ. ಆದ್ದರಿಂದ ಮುಲಾಮನ್ನು ಕಾಣುವ ಅಂಚಿನಿಂದ ಎರಡು ಸೆಂಟಿಮೀಟರ್ ಹೊರಗಿನವರೆಗೆ, ಹೊರಗಿನಿಂದ ಒಳಕ್ಕೆ ಹಚ್ಚಬೇಕು.

ಎಷ್ಟು ಹಚ್ಚಬೇಕು ಎಂಬುದಕ್ಕೆ ವೈದ್ಯರು ಬಳಸುವ ಸುಲಭದ ಅಳತೆಯೊಂದಿದೆ. ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಒಂದು ಸಾಲು ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಬೆರಳುಗಳೂ ಸೇರಿದಂತೆ ದೊಡ್ಡವರ ಎರಡು ಹಸ್ತದಷ್ಟು ಜಾಗಕ್ಕೆ ಸಾಲುತ್ತದೆ. ಈಗ ಎರಡೂ ತೊಡೆಸಂದಿನಲ್ಲಿ ಒಂದೊಂದು ಹಸ್ತದಷ್ಟು ಹುಳುಕಡ್ಡಿ ಇದೆಯೆನ್ನಿ. ದಿನಕ್ಕೆ ಎರಡು ಸಲ ಹಚ್ಚಿದರೆ ಒಂದು ಗ್ರಾಂ, ನಾಲ್ಕು ವಾರಕ್ಕೆ 28 ಗ್ರಾಂ. ಹದಿನೈದು ಗ್ರಾಂನ ಟ್ಯೂಬು ಎರಡು ಬೇಕು. ಒಂದೇ ಟ್ಯೂಬು ತಂದು ತಿಂಗಳಿಡೀ ಓಡಿಸಿದರೆ ಅರ್ಧ ಪ್ರಮಾಣ ಹಚ್ಚಿದ ಹಾಗಾಯಿತು. ಅಥವಾ ಹದಿನೈದನೆಯ ದಿನ ಕೆಂಪು ಇಳಿದು ಟ್ಯೂಬೂ ಮುಗಿದು ಬಿಟ್ಟುಬಿಟ್ಟರೆ, ಉಳಿದ ಫಂಗಸ್ ಮುಂದಿನ ಮಳೆಗೆ ಕಾಯುವುದೂ ಇಲ್ಲ. ಕ್ಲೋಟ್ರಿಮಜೋಲ್‌ನಂಥ ಮುಲಾಮನ್ನು ದಿನಕ್ಕೆ ಎರಡು ಸಲ ಎರಡರಿಂದ ನಾಲ್ಕು ವಾರ, ಕಲೆ ಮರೆಯಾದ ಮೇಲೂ ಒಂದೆರಡು ವಾರ ಹಚ್ಚಬೇಕು.

ದೊಡ್ಡ ಅಪಾಯ ಬೇರೆಯೇ. ತುರಿಕೆಗೆಂದು ಕೈಗೆ ಸಿಗುವ ಎಷ್ಟೋ ಮಿಶ್ರ ಮುಲಾಮುಗಳಲ್ಲಿ ಫಂಗಸ್ ಔಷಧದ ಜೊತೆ ಬಲವಾದ ಸ್ಟೀರಾಯ್ಡ್ ಇರುತ್ತದೆ. ಸ್ಟೀರಾಯ್ಡ್ ಚರ್ಮದ ಉರಿಯೂತವನ್ನು ಅದುಮುತ್ತದೆ. ಎರಡೇ ದಿನದಲ್ಲಿ ತುರಿಕೆ, ಕೆಂಪು ಎರಡೂ ಮಾಯ. ಆದರೆ ಆ ಕೆಂಪು, ಆ ತುರಿಕೆ ದೇಹ ಫಂಗಸ್ಸಿನೊಡನೆ ಹೋರಾಡುತ್ತಿದ್ದ ಗುರುತು. ಹೋರಾಟ ನಿಂತಾಗ ಫಂಗಸ್ ನಿರಾತಂಕವಾಗಿ ಹರಡುತ್ತದೆ. ನಿಲ್ಲಿಸಿದ ವಾರದೊಳಗೆ ಮೊದಲಿಗಿಂತ ಜೋರಾಗಿ ಬರುತ್ತದೆ, ಮತ್ತೆ ಅದೇ ಟ್ಯೂಬು. ಕೆಲವು ತಿಂಗಳಲ್ಲಿ ಉಂಗುರದೊಳಗೆ ಉಂಗುರ ಮೂಡಿ, ಅಂಚು ಮಸುಕಾಗಿ, ನೋಡಿದವರಿಗೂ ಹುಳುಕಡ್ಡಿಯೆಂದು ಹೇಳಲಾಗದ ಸ್ಥಿತಿಗೆ ಬರುತ್ತದೆ. ತೊಡೆಸಂದಿನ ತೆಳು ಚರ್ಮದಲ್ಲಿ ಗರ್ಭಿಣಿಯ ಹೊಟ್ಟೆಯ ಮೇಲಿನಂಥ ಗೀರುಗಳು ಬೀಳುತ್ತವೆ, ಅವು ಪೂರ್ತಿ ಹೋಗುವುದಿಲ್ಲ. ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ: ಬೀಟಾಮೆಥಸೋನ್, ಮೊಮೆಟಸೋನ್ ಹೀಗೆ ‘ಸೋನ್’ನಲ್ಲಿ ಮುಗಿಯುವ ಹೆಸರು, ಇಲ್ಲವೇ ಕ್ಲೋಬೆಟಸಾಲ್ ಇದ್ದರೆ ಫಂಗಸ್ಸಿಗೆ ನೀವಾಗಿಯೇ ಹಚ್ಚಬೇಡಿ.

ಈಗೀಗ ಸರಿಯಾದ ಔಷಧಕ್ಕೂ ಬಗ್ಗದ ಹುಳುಕಡ್ಡಿ ಹೆಚ್ಚುತ್ತಿದೆ. ಟ್ರೈಕೋಫೈಟನ್ ಇಂಡೋಟಿನಿಯೆ ಎಂದು 2020ರಲ್ಲಿ ಹೆಸರು ಪಡೆದ ಫಂಗಸ್ ಪ್ರಭೇದ ಹಲವು ದೇಶಗಳಲ್ಲಿ ಹರಡಿದೆ. ಟರ್ಬಿನಾಫಿನ್ ಎಂಬ, ಹಿಂದೆ ನಂಬಿಕಸ್ಥವಾಗಿದ್ದ ಔಷಧವನ್ನು ಅದು ಬಹಳ ಸಲ ತಡೆದುಕೊಳ್ಳುತ್ತದೆ. ದೊಡ್ಡ ಜಾಗಕ್ಕೆ ಹರಡಿದ್ದರೆ, ಮನೆಯಲ್ಲಿ ಮೂರು ಜನಕ್ಕೆ ಬಂದಿದ್ದರೆ, ನಾಲ್ಕು ವಾರ ಸರಿಯಾಗಿ ಹಚ್ಚಿಯೂ ಹೋಗದಿದ್ದರೆ ಮಾತ್ರೆ ಬೇಕಾಗುತ್ತದೆ. ಯಾವುದು, ಎಷ್ಟು ವಾರ ಎಂಬುದನ್ನು ವೈದ್ಯರೇ ಹೇಳಬೇಕು.

ಸಂದಿನಲ್ಲಿ ತುರಿಸುವುದೆಲ್ಲ ಹುಳುಕಡ್ಡಿಯಲ್ಲ ಎಂಬುದೂ ನೆನಪಿರಲಿ. ಮಾಂಸದಂತೆ ಕೆಂಪಗೆ ಒದ್ದೆಯಾಗಿ, ಅಂಚಿನಾಚೆ ಸಣ್ಣ ಸಣ್ಣ ಕೆಂಪು ಗುಳ್ಳೆಗಳು ಚೆಲ್ಲಿದಂತಿದ್ದರೆ ಅದು ಕ್ಯಾಂಡಿಡಾ ಎಂಬ ಬೇರೆ ಫಂಗಸ್. ಅದಕ್ಕೆ ಟರ್ಬಿನಾಫಿನ್‌ಗಿಂತ ಕ್ಲೋಟ್ರಿಮಜೋಲ್ ಗುಂಪಿನದೇ ಮೇಲು.

ಚಿಬ್ಬು, ಬೆವರುಸಾಲೆ, ಮೊಡವೆಯಲ್ಲದ ಮೊಡವೆ

ಎದೆ, ಬೆನ್ನು, ತೋಳಿನ ಮೇಲೆ ಬಿಳಿಚಾಗಿ ಅಥವಾ ಕಂದಾಗಿ ಮೂಡುವ ಚಿಬ್ಬು ಮಲಸೀಜಿಯ ಎಂಬ ಯೀಸ್ಟಿನ, ಅಂದರೆ ಒಂದು ಬಗೆಯ ಫಂಗಸ್ಸಿನ ಕೆಲಸ. ಇದು ಎಲ್ಲರ ಮೈಮೇಲೂ ಇರುವುದೇ. ಎಣ್ಣೆ ಇದರ ಆಹಾರ, ಸೆಕೆ ಮತ್ತು ತೇವ ಸಿಕ್ಕರೆ ವಿಪರೀತ ಬೆಳೆಯುತ್ತದೆ. ಉಗುರಿನಿಂದ ಮೆಲ್ಲಗೆ ಕೆರೆದರೆ ಹಿಟ್ಟಿನಂಥ ಹೊಟ್ಟು ಎದ್ದರೆ ಬಹುಪಾಲು ಇದೇ. ಶೇ 2ರ ಕೀಟೋಕೊನಜೋಲ್ ಶಾಂಪೂವನ್ನು ಒದ್ದೆ ಮೈಗೆ, ಕುತ್ತಿಗೆಯಿಂದ ಸೊಂಟದವರೆಗೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಬೇಕು, ದಿನಕ್ಕೊಮ್ಮೆ ಐದು ದಿನ. ಕಲೆ ಇರುವ ಕಡೆ ಮಾತ್ರ ಹಚ್ಚಿದರೆ ಪಕ್ಕದಲ್ಲಿ ಏಳುತ್ತದೆ. ಇಲ್ಲಿ ಜನ ಎಡವುವುದು ಬಣ್ಣದಲ್ಲಿ: ಹೊಟ್ಟು ನಿಂತರೆ ಯೀಸ್ಟ್ ಹತೋಟಿಗೆ ಬಂದಿದೆ ಎಂದರ್ಥ, ಆದರೆ ಬಿಳಿಚು ಬಣ್ಣ ತುಂಬಲು ಕೆಲವು ತಿಂಗಳು ಬೇಕು. ಔಷಧ ನಾಟಲಿಲ್ಲವೆಂದು ಮುಲಾಮಿನ ಮೇಲೆ ಮುಲಾಮು ಬದಲಿಸುವುದು ವ್ಯರ್ಥ.

ಇದೇ ಯೀಸ್ಟ್ ಕೂದಲಿನ ಬುಡಕ್ಕಿಳಿದರೆ ಹಣೆ, ಎದೆ, ಬೆನ್ನಿನಲ್ಲಿ ಒಂದೇ ಅಳತೆಯ, ಒಂದೆರಡು ಮಿಲಿಮೀಟರಿನ ಗುಳ್ಳೆಗಳು ಸಾಲುಗಟ್ಟುತ್ತವೆ. ನೋಡಲು ಮೊಡವೆಯೇ. ಆದರೆ ಕಪ್ಪುಚುಕ್ಕೆ ಇರುವುದಿಲ್ಲ, ತುರಿಕೆ ಇರುತ್ತದೆ. ಮೊಡವೆಯೆಂದು ಆ್ಯಂಟಿಬಯೋಟಿಕ್ ತೆಗೆದುಕೊಂಡರೆ ಇನ್ನೂ ಹೆಚ್ಚುತ್ತದೆ, ಏಕೆಂದರೆ ಯೀಸ್ಟನ್ನು ಹದ್ದಿನಲ್ಲಿಟ್ಟಿದ್ದ ಬ್ಯಾಕ್ಟೀರಿಯಾ ಸಾಯುತ್ತದೆ.

ಬೆವರುಸಾಲೆ ಸೋಂಕಲ್ಲ. ಬೆವರಿನ ನಾಳದ ಬಾಯಿ ಕಟ್ಟಿಕೊಂಡು ಬೆವರು ಚರ್ಮದೊಳಗೇ ಸೋರಿ ಚುಚ್ಚುವ ಕೆಂಪು ಗುಳ್ಳೆಯಾಗುವುದು. ತಂಪು ಗಾಳಿ, ಸಡಿಲ ಬಟ್ಟೆ, ಬೇಕಿದ್ದರೆ ಕ್ಯಾಲಮೈನ್ ಲೋಶನ್ ಸಾಕು. ಎಣ್ಣೆ, ದಪ್ಪ ಮುಲಾಮು ಹಚ್ಚಿದರೆ ಕಟ್ಟಿದ ಬಾಯಿ ಇನ್ನೂ ಗಟ್ಟಿಯಾಗುತ್ತದೆ.

ಮುಖ

ಮುಖ ತೊಳೆಯುವುದು ದಿನಕ್ಕೆ ಎರಡು ಸಲ, ತುಂಬ ಬೆವರಿದಾಗ ಬರಿನೀರಲ್ಲಿ ಮೂರನೆಯ ಸಲ. ಜಿಡ್ಡೆನಿಸಿದಾಗೆಲ್ಲ ಫೇಸ್‌ವಾಶ್ ಹಾಕಿದರೆ ಗೋಡೆಯ ಗಾರೆ ಹೋಗಿ, ಮೇಲೆ ಜಿಡ್ಡು, ಕೆಳಗೆ ಉರಿ ಎಂಬ ವಿಚಿತ್ರ ಸ್ಥಿತಿ ಬರುತ್ತದೆ. ಮಾಯಿಶ್ಚರೈಸರ್ ಮಳೆಗಾಲದಲ್ಲಿ ಬೇಡ ಎಂಬುದು ಅರ್ಧ ಸತ್ಯ. ಗ್ಲಿಸರಿನ್, ಹೈಲುರಾನಿಕ್ ಆಮ್ಲ ಇರುವ ತೆಳು ಜೆಲ್ ಮುಖಕ್ಕೆ ಸಾಕು, ಜಿಡ್ಡು ಮುಖದವರು ಕೆನ್ನೆಗಷ್ಟೇ ಹಚ್ಚಿದರೂ ಆದೀತು. ದಿನವಿಡೀ ಎಸಿಯಲ್ಲಿ ಕೂರುವವರ ಕತೆ ಬೇರೆ, ಎಸಿ ಗಾಳಿಯ ತೇವ ಹಿಂಡುತ್ತದೆ. ಅವರ ಮೊಣಕಾಲ ಕೆಳಗೆ, ಮುಂಗೈಗೆ ಸ್ನಾನವಾದ ಮೂರ್ನಾಲ್ಕು ನಿಮಿಷದೊಳಗೆ ಲೋಶನ್ ಬೇಕು. ಸಂದುಗಳಿಗೆ ಮಾತ್ರ ಯಾವ ಮಾಯಿಶ್ಚರೈಸರೂ ಬೇಡ.

ಮೊಡವೆಗೆ ಶೇ 2.5ರ ಬೆಂಜಾಯಿಲ್ ಪೆರಾಕ್ಸೈಡ್‌ನಿಂದ ಶುರುಮಾಡಿ. ಶೇ 10ರದ್ದು ಉರಿಯನ್ನು ಹೆಚ್ಚಿಸುವಷ್ಟು ಗುಣವನ್ನು ಹೆಚ್ಚಿಸುವುದಿಲ್ಲ. ಅದು ದಿಂಬು, ಟವಲುಗಳ ಬಣ್ಣ ತೆಗೆಯುತ್ತದೆ, ಬಿಳಿಯವನ್ನು ಬಳಸಿ.

ಮೋಡ ಕವಿದಿದ್ದರೆ ಸನ್‌ಸ್ಕ್ರೀನ್ ಯಾಕೆ ಎಂದು ಕೇಳುವವರಿದ್ದಾರೆ. ತೆಳು ಮೋಡದ ಮೂಲಕ ಅತಿನೇರಳೆ ಕಿರಣದ ಶೇ 80ರವರೆಗೂ ಕೆಳಗಿಳಿಯಬಲ್ಲದು, ಅದರಲ್ಲಿ ಯುವಿಎ ಎಂಬ ಬಗೆ ಕಿಟಕಿಯ ಗಾಜನ್ನೂ ದಾಟುತ್ತದೆ. ಕಪ್ಪು ಕಲೆ, ಬಂಗು ಇರುವವರಿಗೆ ಇದು ಮುಖ್ಯ. ಎಸ್‌ಪಿಎಫ್ (ಬಿಸಿಲು ತಡೆಯುವ ಬಲದ ಅಳತೆ) 30, ತೋರುಬೆರಳು ಮತ್ತು ನಡುಬೆರಳಿನುದ್ದಕ್ಕೆ ಎರಡು ಸಾಲು ಮುಖ–ಕುತ್ತಿಗೆಗೆ. ‘ವಾಟರ್ ರೆಸಿಸ್ಟೆಂಟ್’ ಎಂದರೆ 40 ಅಥವಾ 80 ನಿಮಿಷ ನೀರಲ್ಲಿ ತಾಳುತ್ತದೆ ಎಂದಷ್ಟೇ. ಮಳೆಯಲ್ಲಿ ನೆನೆದು ಮುಖ ಒರೆಸಿದ ಮೇಲೆ ಮತ್ತೆ ಹಚ್ಚಬೇಕು.

ದೀಪಕ್ಕೆ ಬರುವ ಹುಳ

ಮಳೆಗಾಲದ ರಾತ್ರಿ ದೀಪಕ್ಕೆ ಬರುವ ಹುಳಗಳಲ್ಲಿ ಇರುವೆಯಂಥದೊಂದು ಇರುತ್ತದೆ: ಸುಮಾರು ಒಂದು ಸೆಂಟಿಮೀಟರಿನೊಳಗೆ, ತಲೆ ಮತ್ತು ಬಾಲದ ತುದಿ ಕಪ್ಪು, ನಡುವೆ ಕಿತ್ತಳೆ. ಪೀಡರಸ್ ಎಂಬ ದುಂಬಿ. ಇದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಕುತ್ತಿಗೆಯ ಮೇಲೆ ಏನೋ ಹರಿದಾಡಿತೆಂದು ಅಂಗೈಯಿಂದ ಉಜ್ಜಿದಾಗ ಅದರೊಳಗಿನ ಪೆಡೆರಿನ್ ಎಂಬ ರಸ ಚರ್ಮಕ್ಕೆ ಮೆತ್ತುತ್ತದೆ. ಆಗ ಏನೂ ಅನಿಸುವುದಿಲ್ಲ. ಮರುದಿನವೋ ಅದರ ಮರುದಿನವೋ ಬರೆ ಎಳೆದಂತೆ ಕೆಂಪು ಗೆರೆ, ಉರಿ, ಕೀವಿನಂಥ ಗುಳ್ಳೆ. ಮೊಣಕೈ ಮಡಚುವಲ್ಲಿ ಬಿದ್ದರೆ ಎದುರುಬದುರು ಎರಡು ಅಚ್ಚು ಮೂಡುತ್ತವೆ. ರಾತ್ರೋರಾತ್ರಿ ಬಂದದ್ದಕ್ಕೆ ಸರ್ಪಸುತ್ತು ಎಂದು ಹೆದರುವವರೂ ಉಂಟು. ಮೈಮೇಲೆ ಕಂಡರೆ ಊದಿ ಹಾರಿಸಿ, ಇಲ್ಲವೇ ಕಾಗದಕ್ಕೆ ಹತ್ತಿಸಿಕೊಂಡು ಕೊಡವಿ. ಉಜ್ಜಿಬಿಟ್ಟಿದ್ದರೆ ತಕ್ಷಣ ಸಾಬೂನು ಹಾಕಿ ಧಾರಾಳ ನೀರಲ್ಲಿ ತೊಳೆಯಿರಿ, ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ.

ಯಾವಾಗ ತೋರಿಸಬೇಕು

ಕೆಂಪು ಗಂಟೆಗಂಟೆಗೆ ಹರಡುತ್ತಿದ್ದರೆ, ಮುಟ್ಟಿದರೆ ಬಿಸಿ, ನೋವು, ಜೊತೆಗೆ ಜ್ವರ ಇದ್ದರೆ ಅದೇ ದಿನ ಹೋಗಬೇಕು. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಹೊತ್ತು ಬರೆದಿಟ್ಟರೆ ಹರಡುವಿಕೆ ತಿಳಿಯುತ್ತದೆ. ನೆರೆನೀರಲ್ಲಿ ನಡೆದವರು ಮನೆಗೆ ಬಂದೊಡನೆ ಸಾಬೂನಿನಲ್ಲಿ ಕಾಲು ತೊಳೆಯಲಿ. ಕಾಲಿನಲ್ಲಿ ಗಾಯವಿದ್ದು ನೀರಿಗಿಳಿದಿದ್ದರೆ, ಆಮೇಲಿನ ಎರಡು ಮೂರು ವಾರದಲ್ಲಿ ಜ್ವರ ಬಂದರೆ ಆ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು, ಇಲಿಜ್ವರ ಹಾಗೆಯೇ ಬರುತ್ತದೆ.

ಮಿಕ್ಕ ತುರಿಕೆ, ಕಲೆಗಳಿಗೆ ಹೋಗುವಾಗ ಆ ದಿನ ಕಲೆಯ ಮೇಲೆ ಏನೂ ಹಚ್ಚಬೇಡಿ. ಫಂಗಸ್ ಹೌದೋ ಅಲ್ಲವೋ ನೋಡಲು ಅಂಚಿನ ಹೊಟ್ಟನ್ನು ಕೆರೆದು ಗಾಜಿನ ಮೇಲೆ ಇಟ್ಟು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಿಂದಿನ ರಾತ್ರಿಯವರೆಗೆ ಫಂಗಸ್ ಮುಲಾಮು ಬಳಿದಿದ್ದರೆ ಇರುವುದೂ ಕಾಣದೆ ಹೋಗಬಹುದು. ಅಲ್ಲಿಯವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ.